ಒಂದೂವರೆ ಕೋಣೆಯ ಸ್ವಾತಂತ್ರ್ಯ

ಕವಿಯಾದವನು ಗದ್ಯ ಬರೆಯಹೊರಟನೆಂದರೆ ಓದುಗರಲ್ಲಿ ಎರಡು ಬಗೆಯ ಸಂಶಯಗಳು ಹುಟ್ಟುವುದುಂಟು. ಪದ್ಯದ ಊಟೆ ಬತ್ತಿತೇನೋ ಎಂಬುದು ಒಂದು. ಗದ್ಯದೊಳಕ್ಕೂ ಪದ್ಯದ ಬೆಡಗನ್ನೇ ತುರುಕಿ ನಮ್ಮನ್ನು ದಣಿಸುವನೇನೋ ಎಂಬುದು ಇನ್ನೊಂದು. ರಷ್ಯದ ಕವಿ ಜೋಸೆಫ್ ಬ್ರಾಡ್‌ಸ್ಕಿಯ ‘ಲೆಸ್ ದ್ಯಾನ್ ಒನ್’ ಎಂಬ ಪ್ರಬಂಧ ಸಂಕಲನವನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನನ್ನಲ್ಲಿಯೂ ಈ ಎರಡು ಸಂಶಯಗಳು ಇದ್ದುವು. ೧೯೮೬ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ೧೮ ಪ್ರಬಂಧಗಳಿವೆ. ಮೊದಲನೆಯದು ಬಾಲ್ಯದ ನೆನಪು. ಕೊನೆಯದು ತಾಯಿತಂದೆಗಳ ನೆನಪು. ನಡುವೆ ಇರುವುದು ಕವಿಗಳ ಮಾತು: ಅಖ್ಮತೊವಾ, ಮಂದೆಲ್‌ಸ್ತಾಮ್, ತ್ಸ್ವೆತಾಯೆವಾ, ಕವಾಫಿ, ಮೊಂತಾಲೆ, ಆಡೆನ್, ವಾಲ್ಕಟ್. ಅವರ ನಡುವೆ ಎಲ್ಲೋ ಒಂದು ಕಡೆ, ಊಟದ ಎಲೆಯ ಮೇಲೆ ಬಿದ್ದ ಕಲ್ಲಿನಂತೆ, ದಬ್ಬಾಳಿಕೆಯ ಸ್ವರೂಪವನ್ನು ಕುರಿತ ಒಂದು ಪುಟ್ಟ ಪ್ರಬಂಧ. ಸಾಹಿತ್ಯ, ದಬ್ಬಾಳಿಕೆ, ಸ್ವಂತದ ನೆನಪು ಈ ಮೂರನ್ನೂ ಒಂದೇ ರಟ್ಟಿನೊಳಗೆ ಹೊಲಿದದ್ದೇಕೆ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಬಹಳ ತಡವಾಗಿ, ಅದೂ ನನ್ನ ತರಗತಿಯಲ್ಲಿ ನಡೆದ ಒಂದು ಸಣ್ಣ ತಪ್ಪಿನಿಂದ. ಆ ತಪ್ಪು ನನ್ನದೇ. ಅದನ್ನು ಮುಂದೆ ಹೇಳುತ್ತೇನೆ.

ಬ್ರಾಡ್‌ಸ್ಕಿ ಹುಟ್ಟಿದ್ದು ೧೯೪೦ರಲ್ಲಿ, ಆಗ ಲೆನಿನ್‌ಗ್ರಾಡ್ ಎಂದು ಕರೆಯುತ್ತಿದ್ದ ಈಗಿನ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಹದಿನೈದನೆಯ ವಯಸ್ಸಿನಲ್ಲಿ ಒಂದು ದಿನ ಪಾಠದ ನಡುವೆ ಎದ್ದು ಶಾಲೆಯ ಬಾಗಿಲು ದಾಟಿ ಹೋದವನು ಮತ್ತೆ ಅತ್ತ ತಿರುಗಲಿಲ್ಲ. ಕಾರ್ಖಾನೆಯಲ್ಲಿ ದುಡಿದ, ಆಸ್ಪತ್ರೆಯ ಶವಾಗಾರದಲ್ಲಿ ದುಡಿದ, ಭೂವಿಜ್ಞಾನಿಗಳ ತಂಡದೊಂದಿಗೆ ಕಾಡುಮೇಡು ಅಲೆದ. ಜೊತೆಗೆ ಪದ್ಯ ಬರೆದ. ೧೯೬೪ರಲ್ಲಿ ಅವನನ್ನು ‘ಪರೋಪಜೀವಿ’ ಎಂಬ ಆಪಾದನೆಯ ಮೇಲೆ ನ್ಯಾಯಾಲಯಕ್ಕೆ ಎಳೆದರು. ನಿನ್ನನ್ನು ಕವಿಗಳ ಸಾಲಿಗೆ ಸೇರಿಸಿದವರು ಯಾರು ಎಂದು ನ್ಯಾಯಾಧೀಶೆ ಕೇಳಿದಳಂತೆ. ಯಾರೂ ಇಲ್ಲ, ನನ್ನನ್ನು ಮನುಷ್ಯರ ಸಾಲಿಗೆ ಸೇರಿಸಿದವರು ಯಾರು ಎಂಬ ಅರ್ಥದ ಉತ್ತರವನ್ನು ಇಪ್ಪತ್ತಮೂರರ ಆ ಹುಡುಗ ಕೊಟ್ಟ. ಫ್ರೀಡಾ ವಿಗ್ದೊರೊವಾ ಎಂಬ ಪತ್ರಕರ್ತೆ ನ್ಯಾಯಾಲಯದಲ್ಲಿ ಕುಳಿತು ಈ ಪ್ರಶ್ನೋತ್ತರಗಳನ್ನೆಲ್ಲ ಬರೆದುಕೊಳ್ಳದಿದ್ದರೆ ನಮಗೆ ಅದೊಂದೂ ತಿಳಿಯುತ್ತಿರಲಿಲ್ಲ. ಶಿಕ್ಷೆ ಐದು ವರ್ಷಗಳ ಗಡೀಪಾರು, ಮೈಮುರಿಯುವ ದುಡಿಮೆಯೊಂದಿಗೆ. ಉತ್ತರದ ಅರ್ಖಾಂಗೆಲ್ಸ್ಕ್ ಸೀಮೆಯ ಒಂದು ಹಳ್ಳಿಯಲ್ಲಿ ಸುಮಾರು ಹದಿನೆಂಟು ತಿಂಗಳು ಕಳೆದ ಮೇಲೆ, ಸ್ವದೇಶದ ಮತ್ತು ಪರದೇಶದ ಬರಹಗಾರರ ಒತ್ತಾಯದಿಂದ ಬಿಡುಗಡೆಯಾಯಿತು. ೧೯೭೨ರಲ್ಲಿ ದೇಶದಿಂದಲೇ ಹೊರಗೆ ಹಾಕಿದರು. ಆಗ ಅವನಿಗೆ ಮೂವತ್ತೆರಡು. ೧೯೮೭ರಲ್ಲಿ ನೊಬೆಲ್ ಬಹುಮಾನ ಬಂದಿತು. ೧೯೯೬ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಹೊರಟ ಊರಿಗೆ ಅವನು ಮತ್ತೆ ಹೋಗಲೇ ಇಲ್ಲ.

ಇಷ್ಟನ್ನು ಕೇಳಿದ ಯಾರಾದರೂ, ಇಂಥವನ ಪ್ರಬಂಧಗಳಲ್ಲಿ ಸೆರೆಮನೆಯ ಕ್ರೌರ್ಯಗಳ ವರ್ಣನೆ ತುಂಬಿರಬೇಕೆಂದು ಎಣಿಸುವುದು ಸಹಜ. ಅಂಥದು ಅಲ್ಲಿ ಬಹಳ ಕಡಮೆ. ಅವನು ನಮ್ಮ ಮುಂದಿಡುವುದು ಗೋಡೆಯ ಮೇಲಿನ ಒಂದು ನೀಲಿ ಪಟ್ಟೆಯನ್ನು. ಶಾಲೆ, ಆಸ್ಪತ್ರೆ, ಕಾರ್ಖಾನೆ, ಸೆರೆಮನೆ ಎಲ್ಲಿ ನೋಡಿದರೂ ಕಣ್ಣಿನ ಎತ್ತರಕ್ಕೆ ಸರಿಯಾಗಿ ಬಳಿದ ಅದೇ ಪಟ್ಟೆ. ವಿಶಾಲವಾದ ಆ ದೇಶದ ಉದ್ದಗಲಕ್ಕೂ ಎಲ್ಲಿಯೂ ಕಡಿಯದ ಪಟ್ಟೆ. ರೈತರ ಮರದ ಗುಡಿಸಲುಗಳಲ್ಲಿ ಮಾತ್ರ ಅದು ಇರಲಿಲ್ಲವಂತೆ. ಇನ್ನೊಂದು, ಲೆನಿನ್ನನ ಚಿತ್ರಗಳು. ಮಗುವಾಗಿದ್ದಾಗಿನ ಲೆನಿನ್, ಯುವಕ ಲೆನಿನ್, ಬಕ್ಕತಲೆಯ ಲೆನಿನ್. ಪಠ್ಯಪುಸ್ತಕದಲ್ಲಿ, ಗೋಡೆಯಲ್ಲಿ, ನೋಟಿನಲ್ಲಿ ಎಲ್ಲೆಲ್ಲಿಯೂ ಅದೇ ಮುಖ. ಕಣ್ಣೆದುರಿಗಿದ್ದರೂ ಅದನ್ನು ಕಾಣದಿರುವುದನ್ನು ಕಲಿತದ್ದೇ ತನ್ನ ಮೊದಲ ವಿದ್ಯಾಭ್ಯಾಸವೆಂಬ ಧಾಟಿಯಲ್ಲಿ ಬ್ರಾಡ್‌ಸ್ಕಿ ಬರೆಯುತ್ತಾನೆ. ಮೂರನೆಯದು ಒಂದು ಪುಟ್ಟ ಸುಳ್ಳು. ಏಳು ವರ್ಷದ ಬಾಲಕ ಶಾಲೆಯ ವಾಚನಾಲಯಕ್ಕೆ ಸದಸ್ಯನಾಗಲು ಅರ್ಜಿ ತುಂಬುತ್ತಿದ್ದಾನೆ. ಜನಾಂಗ ಯಾವುದು ಎಂಬ ಪ್ರಶ್ನೆ ಬರುತ್ತದೆ. ತಾನು ಯೆಹೂದಿಯೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ‘ಗೊತ್ತಿಲ್ಲ’ ಎನ್ನುತ್ತಾನೆ. ಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ಕಳುಹಿಸುತ್ತಾರೆ. ಅವನು ಆ ವಾಚನಾಲಯಕ್ಕೆ ಮರಳಿ ಹೋಗುವುದಿಲ್ಲ. ತನ್ನ ಪ್ರಜ್ಞೆಯ ಇತಿಹಾಸ ಮೊದಲಾಗುವುದು ಆ ಮೊದಲ ಸುಳ್ಳಿನಿಂದ ಎಂದು ಅವನ ಭಾವನೆ.

ದಬ್ಬಾಳಿಕೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಿರಣ್ಯಕಶಿಪುವಿನ ಗದೆ, ಕಂಸನ ಕಾರಾಗೃಹ. ಅದು ಪುರಾಣದ ದಬ್ಬಾಳಿಕೆ; ಅಲ್ಲಿ ದುಷ್ಟನಿಗೂ ಒಂದು ಮಹತ್ತಿದೆ. ಬ್ರಾಡ್‌ಸ್ಕಿ ಕಂಡ ನಿರಂಕುಶಪ್ರಭು ಅಂಥವನಲ್ಲ. ಪಕ್ಷದ ಮೆಟ್ಟಿಲುಗಳನ್ನು ಒಂದೊಂದಾಗಿ, ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದಂತೆ ಹತ್ತಿದ ಬೂದುಬಣ್ಣದ ಗುಮಾಸ್ತೆಯಂಥ ಮನುಷ್ಯ ಅವನು. ಅವನಿಗೆ ಬೇಕಾದದ್ದು ಅಚ್ಚುಕಟ್ಟು. ಎಲ್ಲ ಗೋಡೆಗಳಿಗೂ ಒಂದೇ ಪಟ್ಟೆ, ಎಲ್ಲ ಬಾಯಿಗಳಿಗೂ ಒಂದೇ ವಾಕ್ಯ. ಮನುಷ್ಯನ ಮನಸ್ಸಿನಲ್ಲಿ ಒಂದಿಷ್ಟು ಜಾಗವಿರುತ್ತದಲ್ಲ, ಅದು ಮಿತವಾದದ್ದು. ಆ ಜಾಗವನ್ನೆಲ್ಲ ತನ್ನ ಹೆಸರಿನಿಂದಲೂ ತನ್ನ ಚಿತ್ರದಿಂದಲೂ ತುಂಬಿಬಿಟ್ಟರೆ ಅವನ ಕೆಲಸ ಮುಗಿಯಿತು. ಲಾಠಿ ಬೇಕಾಗುವುದು ಆ ಕೆಲಸ ಅರ್ಧಕ್ಕೆ ನಿಂತಾಗ ಮಾತ್ರ.

ಸಾಹಿತ್ಯಕ್ಕೆ ಈ ವ್ಯವಸ್ಥೆಯೊಂದಿಗೆ ಹುಟ್ಟುಹಗೆತನ ಬರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಒಳ್ಳೆಯ ಪದ್ಯವೊಂದು ಯಾವ ಘೋಷಣೆಯನ್ನೂ ಕೂಗದೆ ಇರಬಹುದು; ಮಳೆಯನ್ನೋ ಮಗುವನ್ನೋ ಕುರಿತದ್ದಾಗಿರಬಹುದು. ಆದರೆ ಅದು ಒಬ್ಬನ ಕಿವಿಯಲ್ಲಿ ಒಬ್ಬನ ದನಿಯಾಗಿ ಮಾತ್ರ ನುಡಿಯಬಲ್ಲದು. ಒಂದು ಶಬ್ದವನ್ನು ತೆಗೆದು ಇನ್ನೊಂದನ್ನು ಇಟ್ಟರೆ ಅದು ಅದಾಗಿ ಉಳಿಯುವುದಿಲ್ಲ. ಎಲ್ಲವನ್ನೂ ಎಲ್ಲರನ್ನೂ ಅದಲುಬದಲು ಮಾಡಬಹುದೆಂದು ನಂಬಿದ ಅಧಿಕಾರಕ್ಕೆ ಇಂಥದೊಂದು ವಸ್ತುವಿನ ಇರವೇ ಕಣ್ಣಿನ ಕಸ. ಓಸಿಪ್ ಮಂದೆಲ್‌ಸ್ತಾಮ್ ೧೯೩೩ರಲ್ಲಿ ಸ್ಟಾಲಿನ್ನನನ್ನು ಕುರಿತು ಒಂದು ಚಿಕ್ಕ ಪದ್ಯ ಕಟ್ಟಿ ಕೆಲವೇ ಆಪ್ತರಿಗೆ ಓದಿ ಹೇಳಿದ; ಮರುವರ್ಷ ಸೆರೆ ಸಿಕ್ಕಿದ; ೧೯೩೮ರ ಡಿಸೆಂಬರಿನಲ್ಲಿ ವ್ಲಾದಿವೊಸ್ತೊಕ್ ಬಳಿಯ ಶಿಬಿರವೊಂದರಲ್ಲಿ ಸತ್ತ. ಅವನು ಅಳಿದುಹೋದದ್ದು ಆ ಒಂದು ಪದ್ಯದಿಂದಲೇ ಎಂಬುದನ್ನು ಬ್ರಾಡ್‌ಸ್ಕಿ ಪೂರ್ತಿಯಾಗಿ ಒಪ್ಪುವುದಿಲ್ಲ. ಆ ಪದ್ಯ ಬರೆಯದೆ ಇದ್ದಿದ್ದರೂ ಅವನಂಥವನಿಗೆ ಅಲ್ಲಿ ಉಳಿಗಾಲವಿರಲಿಲ್ಲ, ಅವನ ಛಂದಸ್ಸೇ ಅವನ ಅಪರಾಧವಾಗಿತ್ತು ಎಂಬುದು ಪ್ರಬಂಧದ ಒಟ್ಟಿನ ತಾತ್ಪರ್ಯ.

ಇನ್ನು ನೆನಪಿನ ಮಾತು. ಮಂದೆಲ್‌ಸ್ತಾಮನ ಹೆಂಡತಿ ನದೇಜ್ದಾ ೧೯೮೦ರ ಕೊನೆಯಲ್ಲಿ ತೀರಿಕೊಂಡಾಗ ಬ್ರಾಡ್‌ಸ್ಕಿ ಬರೆದ ಶ್ರದ್ಧಾಂಜಲಿ ಈ ಸಂಕಲನದಲ್ಲಿದೆ. ಗಂಡನ ಪದ್ಯಗಳನ್ನು ಕಾಗದದ ಮೇಲೆ ಇಟ್ಟುಕೊಳ್ಳುವುದು ಅಪಾಯ. ಆದುದರಿಂದ ಆಕೆ ಅವನ್ನು ಬಾಯಿಪಾಠ ಮಾಡಿದಳು. ಊರಿಂದೂರಿಗೆ ಅಲೆಯುತ್ತ, ಸಣ್ಣಪುಟ್ಟ ಊರುಗಳಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಹಗಲಿರುಳೂ ಮನಸ್ಸಿನಲ್ಲಿ ಅವನ್ನು ಹೇಳಿಕೊಂಡಳು. ಹೀಗೆ ಒಂದು ಕಾವ್ಯರಾಶಿ ಹತ್ತಾರು ವರ್ಷ ಒಬ್ಬ ಹೆಂಗಸಿನ ನಾಲಗೆಯ ಮೇಲೆ ಬದುಕಿತು. ಅನ್ನಾ ಅಖ್ಮತೊವಾಳ ‘ರೆಕ್ವಿಯಮ್’ ಎಂಬ ಪದ್ಯಮಾಲೆಯ ಕಥೆಯೂ ಇದೇ. ಸೆರೆಮನೆಯಲ್ಲಿದ್ದ ಮಗನಿಗಾಗಿ ಲೆನಿನ್‌ಗ್ರಾಡಿನಲ್ಲಿ ಹದಿನೇಳು ತಿಂಗಳು ಸಾಲಿನಲ್ಲಿ ನಿಂತ ತಾಯಿಯ ಪದ್ಯಗಳು ಅವು. ಆಪ್ತರು ಓದಿ ಕಂಠಸ್ಥ ಮಾಡಿಕೊಂಡೊಡನೆ ಆಕೆ ಕಾಗದವನ್ನು ಸುಟ್ಟುಬಿಡುತ್ತಿದ್ದಳು. ೧೯೩೦ರ ದಶಕದಲ್ಲಿ ಕಟ್ಟಿದ ಆ ಪದ್ಯಗಳು ಸೋವಿಯತ್ ದೇಶದಲ್ಲಿ ಅಚ್ಚಾದದ್ದು ೧೯೮೭ರಲ್ಲಿ. ನದೇಜ್ದಾ ಮುಪ್ಪಿನಲ್ಲಿ ಬರೆದ ಸ್ಮೃತಿಗ್ರಂಥಗಳ ಗದ್ಯ ಅಷ್ಟು ಬಿಗಿಯಾಗಿರಲು ಕಾರಣ, ಅಷ್ಟು ಕಾಲ ಆಕೆಯ ಒಳಗೆ ಈ ಇಬ್ಬರು ಕವಿಗಳು ನುಡಿಯುತ್ತಿದ್ದದ್ದೇ ಎಂದು ಬ್ರಾಡ್‌ಸ್ಕಿ ಹೇಳುವಾಗ ನನಗೆ ಮೈ ಜುಮ್ಮೆಂದಿತು. ಪದ್ಯವನ್ನು ಆಕೆ ಕಾಪಾಡಿದಳೆಂದು ನಾವು ತಿಳಿದಿದ್ದೆವು. ಪದ್ಯವೂ ಆಕೆಯನ್ನು ಕಾಪಾಡುತ್ತಿತ್ತು.

ನನ್ನ ಅಜ್ಜಿಗೆ ಅಕ್ಷರ ಬಾರದು. ಆದರೆ ಕುಮಾರವ್ಯಾಸನ ಭಾರತದ ಸಂಧಿಗಳನ್ನು, ಒಂದು ಷಟ್ಪದಿಯೂ ತಪ್ಪದಂತೆ, ರಾಗಿ ಬೀಸುತ್ತ ಹೇಳಿಕೊಳ್ಳುತ್ತಿದ್ದಳು. ಎಳೆವಯಸ್ಸಿನಲ್ಲೇ ವಿಧವೆಯಾಗಿ ಭಾವಮೈದುನರ ಮನೆಯಲ್ಲಿ ದುಡಿದು ಬಾಳಿದ ಅವಳಿಗೆ ಸ್ವಂತದ್ದೆಂದು ಒಂದು ಪೆಟ್ಟಿಗೆಯೂ ಇರಲಿಲ್ಲ. ಸ್ವಂತದ್ದೆಂದು ಇದ್ದದ್ದು ಆ ಭಾರತವೊಂದೇ. ಅದನ್ನು ಯಾವ ಪಾಲುಪಟ್ಟಿಯಲ್ಲಿಯೂ ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಕನ್ನಡ ಎಂ.ಎ. ಓದುವಾಗ ನಾನು ಈ ಬಗೆಯ ಬಾಯಿಪಾಠವನ್ನು ಹಳೆಯ ಕಾಲದ ಜಡ ಪದ್ಧತಿಯೆಂದು ಗೆಳೆಯರೊಂದಿಗೆ ಸೇರಿ ಹಳಿದದ್ದುಂಟು. ಅಮೆರಿಕದ ಕಾಲೇಜುಗಳಲ್ಲಿ ಮೇಷ್ಟರಾಗಿದ್ದ ಬ್ರಾಡ್‌ಸ್ಕಿ ತನ್ನ ವಿದ್ಯಾರ್ಥಿಗಳಿಂದ ಕವಿತೆಗಳನ್ನು ಪುಟಗಟ್ಟಲೆ ಕಂಠಪಾಠ ಮಾಡಿಸುತ್ತಿದ್ದನೆಂದು ತಿಳಿದ ದಿನ ಅಜ್ಜಿಯ ಬೀಸುಕಲ್ಲಿನ ಸದ್ದು ನನ್ನ ಕಿವಿಗೆ ಮರಳಿ ಬಂದಿತು, ನಾಚಿಕೆಯೂ ಆಯಿತು.

ಸಂಕಲನದ ಕೊನೆಯ ಪ್ರಬಂಧ ‘ಇನ್ ಎ ರೂಮ್ ಅಂಡ್ ಎ ಹಾಫ್’, ಅಂದರೆ ಒಂದೂವರೆ ಕೋಣೆಯಲ್ಲಿ. ಹಲವು ಕುಟುಂಬಗಳು ಒಂದೇ ಅಡುಗೆಮನೆ, ಒಂದೇ ಬಚ್ಚಲನ್ನು ಹಂಚಿಕೊಂಡು ಬಾಳುತ್ತಿದ್ದ ಮನೆಯಲ್ಲಿ ತಂದೆ, ತಾಯಿ, ಮಗ ಮೂವರಿಗೆ ಸಿಕ್ಕಿದ್ದು ಒಂದೂವರೆ ಕೋಣೆ, ಒಟ್ಟು ೪೦ ಚದರ ಮೀಟರ್. ಅದರಲ್ಲಿ ಪುಸ್ತಕದ ಬೀರು, ಪೆಟ್ಟಿಗೆಗಳನ್ನು ಅಡ್ಡ ಪೇರಿಸಿ ಮಗ ತನಗಾಗಿ ಹತ್ತು ಚದರ ಮೀಟರಿನ ಮರೆಯೊಂದನ್ನು ಕಟ್ಟಿಕೊಳ್ಳುತ್ತಾನೆ. ಜಗತ್ತಿನಲ್ಲಿ ತಾನು ಕಂಡ ಅತ್ಯುತ್ತಮವಾದ ಜಾಗ ಅದೇ ಎಂದು ದೊಡ್ಡ ದೊಡ್ಡ ನಗರಗಳನ್ನು ಕಂಡ ಮೇಲೆಯೂ ಅವನು ಹೇಳುತ್ತಾನೆ. ತಂದೆ ಛಾಯಾಚಿತ್ರಗ್ರಾಹಕ, ನೌಕಾಪಡೆಯಲ್ಲಿದ್ದವನು. ಯೆಹೂದಿಯೆಂಬ ಕಾರಣದಿಂದ ಆ ಕೆಲಸ ಕಳೆದುಕೊಂಡವನು. ತಾಯಿ ಲೆಕ್ಕಪತ್ರದ ಕಚೇರಿಗಳಲ್ಲಿ ದುಡಿದವಳು. ಮಗನನ್ನು ದೇಶದಿಂದ ಹೊರಗಟ್ಟಿದ ಮೇಲೆ, ಒಂದು ಸಲ ಹೋಗಿ ಅವನನ್ನು ನೋಡಿಬರಲು ಅಪ್ಪಣೆ ಕೊಡಿರೆಂದು ಈ ಮುದುಕ ಮುದುಕಿ ಸರ್ಕಾರಕ್ಕೆ ಮತ್ತೆ ಮತ್ತೆ ಅರ್ಜಿ ಹಾಕಿದರು. ಅಂಥ ಪ್ರಯಾಣದಿಂದ ಪ್ರಯೋಜನವಿಲ್ಲವೆಂಬ ಉತ್ತರ ಮತ್ತೆ ಮತ್ತೆ ಬಂದಿತು. ತಾಯಿ ೧೯೮೩ರಲ್ಲಿ, ತಂದೆ ೧೯೮೪ರಲ್ಲಿ ತೀರಿಕೊಂಡರು. ಹನ್ನೆರಡು ವರ್ಷ ದೂರವಾಣಿಯ ದನಿ ಬಿಟ್ಟರೆ ಬೇರೇನೂ ಇಲ್ಲ.

ಈ ನೆನಪುಗಳನ್ನು ಅವನು ಬರೆದದ್ದು ರಷ್ಯನ್ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ತನ್ನ ತಾಯಿತಂದೆಗಳು ಓದಲಾಗದ ಭಾಷೆಯಲ್ಲಿ ಅವರನ್ನು ಕುರಿತು ಬರೆಯುವುದೆಂದರೆ ನಮ್ಮಂಥವರಿಗೆ ಮೊದಲು ನೋವಾಗುತ್ತದೆ. ಮಾತೃಭಾಷೆಯನ್ನು ತಾಯಿಗೆ ಹೋಲಿಸಿ ಭಾಷಣ ಮಾಡುವ ವೃತ್ತಿ ನನ್ನದು. ನಾನೂ ಇಲ್ಲಿ ಹುಬ್ಬು ಗಂಟಿಕ್ಕಿದೆ. ಅವನ ಸಮಾಧಾನ ಹೀಗಿದೆ: ರಷ್ಯನ್ ಭಾಷೆಯಲ್ಲಿ ಅವರನ್ನು ಬರೆದರೆ ಅವರ ಸೆರೆಯನ್ನೇ ಮುಂದುವರಿಸಿದಂತೆ, ಆ ದೇಶದ ಕಚೇರಿಗಳ, ಅರ್ಜಿಗಳ, ನಿರಾಕರಣೆಗಳ ಭಾಷೆ ಅದು. ಬದುಕಿದ್ದಾಗ ಗಡಿ ದಾಟಲಾಗದವರು ಇನ್ನೊಂದು ಭಾಷೆಯ ಕ್ರಿಯಾಪದಗಳಲ್ಲಾದರೂ ಓಡಾಡಲಿ. ಈ ಸಮಾಧಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಭಾಷೆಗೆ ಕಚೇರಿಯ ಪಾಪ ಅಂಟುವುದಾದರೆ ಅಖ್ಮತೊವಾಳ ರಷ್ಯನ್ ಯಾವುದು? ಅವನೇ ಜೀವಮಾನವೆಲ್ಲ ಪದ್ಯ ಬರೆದ ರಷ್ಯನ್ ಯಾವುದು? ಆದರೂ ಇದು ತರ್ಕದಿಂದ ಹುಟ್ಟಿದ ಮಾತಲ್ಲ, ಮಗನೊಬ್ಬನ ಕೈಲಾಗದ ಪ್ರೀತಿಯಿಂದ ಹುಟ್ಟಿದ್ದು ಎಂದು ಅರಿತಾಗ ವಾದ ನಾಲಗೆಯಲ್ಲೇ ನಿಲ್ಲುತ್ತದೆ.

ಆ ಪ್ರಬಂಧದಲ್ಲಿ ಎರಡು ಕಾಗೆಗಳು ಬರುತ್ತವೆ. ಅಮೆರಿಕದಲ್ಲಿ ಅವನಿದ್ದ ಮನೆಯ ಹಿತ್ತಲಿಗೆ, ತಾಯಿ ಸತ್ತ ಮೇಲೆ ಒಂದು ಕಾಗೆ ಬಂದಿತು. ತಂದೆ ಸತ್ತ ಮೇಲೆ ಇನ್ನೊಂದು. ಅವನು ಅದಕ್ಕೆ ಯಾವ ಶಾಸ್ತ್ರವನ್ನೂ ಹೇಳುವುದಿಲ್ಲ, ಸುಮ್ಮನೆ ನೋಡುತ್ತಾನೆ. ನಮ್ಮ ಕಡೆಯ ಓದುಗನು ಇಲ್ಲಿ ಒಂದು ಗಳಿಗೆ ನಿಲ್ಲದೆ ಮುಂದಿನ ಸಾಲಿಗೆ ಹೋಗಲಾರ. ನನ್ನ ತಂದೆಯವರ ತಿಥಿಯ ದಿನ ಎಡೆಯಿಟ್ಟು, ಹಿತ್ತಲಲ್ಲಿ ಅಣ್ಣನೂ ನಾನೂ ಬಹಳ ಹೊತ್ತು ಕಾಗೆಗಾಗಿ ಕಾದು ನಿಂತಿದ್ದೆವು. ನನಗೆ ಅಂಥ ನಂಬಿಕೆಗಳಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವನೇ ನಾನು. ಆದರೂ ಕಾಗೆ ಬಂದು ತುತ್ತು ಮುಟ್ಟಿದಾಗ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಒಳಗೆ ಬಂದೆವು. ಈ ಆಚರಣೆಯನ್ನು ಕೇಳಿಯೂ ಅರಿಯದ ಕವಿಯೊಬ್ಬ ಮಂಜಿನ ನಾಡಿನಲ್ಲಿ ಕುಳಿತು ಅದೇ ಹಕ್ಕಿಯನ್ನು ಅದೇ ಕಣ್ಣಿನಿಂದ ನೋಡಿದ್ದಾನೆ. ಮನುಷ್ಯರೆಲ್ಲ ಒಂದೇ ಎಂಬ ಮಾತನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ, ಹೇಳಿಯೂ ಇದ್ದೇನೆ. ಅದು ನನಗೆ ನಿಜವಾಗಿ ಕಂಡದ್ದು ಈ ಎರಡು ಕಾಗೆಗಳಲ್ಲಿ.

ಇಷ್ಟು ಹೊಗಳಿದ ಮೇಲೆ ತೆಗಳಬೇಕಾದದ್ದನ್ನು ಮುಚ್ಚಿಡಬಾರದು. ೧೯೮೫ರಲ್ಲಿ ಅವನು ಬರೆದ ‘ಫ್ಲೈಟ್ ಫ್ರಮ್ ಬೈಜಾಂಟಿಯಮ್’ ಎಂಬ ದೀರ್ಘ ಪ್ರಬಂಧ ಈ ಸಂಕಲನದಲ್ಲಿದೆ. ಇಸ್ತಾಂಬುಲ್ ನಗರವನ್ನು ನೋಡಿಬಂದ ಅನುಭವದ ಸುತ್ತ ಅದನ್ನು ಹೆಣೆದಿದ್ದಾನೆ. ತನ್ನ ದೇಶದ ನಿರಂಕುಶತ್ವದ ಬೇರು ಬೈಜಾಂಟಿಯಮ್ಮಿನಲ್ಲಿದೆ, ಅದರ ಬೇರು ಒಟ್ಟು ಪೂರ್ವದಿಕ್ಕಿನಲ್ಲಿದೆ, ವ್ಯಕ್ತಿಗೆ ಬೆಲೆಯಿಲ್ಲದಿರುವುದು ಪೂರ್ವದ ಜಾಯಮಾನ ಎಂಬ ವಾದ ಅಲ್ಲಿ ಬೆಳೆಯುತ್ತದೆ. ಊರಿನ ಧೂಳು, ಬೀದಿ, ಜನರ ಮುಖ ಎಲ್ಲವೂ ಈ ವಾದಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ಪೂರ್ವದಲ್ಲಿ ಹುಟ್ಟಿ ಬೆಳೆದ ನಾವು ಇದನ್ನು ಓದಿ ಸುಮ್ಮನಿರಬೇಕೆ? ದೊಡ್ಡ ಕವಿ ಹೇಳಿದನೆಂಬ ಕಾರಣಕ್ಕೆ ತಲೆಯಾಡಿಸಬೇಕೆ? ಹಿಟ್ಲರನ ಶಿಬಿರಗಳು ಎದ್ದದ್ದು ಗಯಟೆಯೂ ಷಿಲ್ಲರನೂ ನಡೆದಾಡಿದ ನೆಲದಲ್ಲಿ. ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ಮಾರಿದವರು ಪಶ್ಚಿಮದ ವರ್ತಕರು. ನಮ್ಮಲ್ಲಿ ಜಾತಿಯ ಹೆಸರಿನಲ್ಲಿ ನಡೆದ ದಬ್ಬಾಳಿಕೆಗೆ ನಾವೇ ತಲೆತಗ್ಗಿಸಬೇಕು. ಆದರೆ ಅದನ್ನು ಎದುರಿಸಿ ನುಡಿದ ವಚನಕಾರರೂ ಇದೇ ನೆಲದವರು. ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜನ, ಹೆಂಗಸರು, ಊರ ಹೊರಗಿನವರು ತಮ್ಮ ತಮ್ಮ ಅಂಕಿತದಲ್ಲಿ, ತಮ್ಮ ತಮ್ಮ ದನಿಯಲ್ಲಿ ಮಾತಾಡಿದ ಸಾಹಿತ್ಯಕ್ಕಿಂತ ದೊಡ್ಡ ವ್ಯಕ್ತಿಗೌರವ ಯಾವುದು? ದಬ್ಬಾಳಿಕೆಗೆ ದಿಕ್ಕಿಲ್ಲ.

ಈ ಪ್ರಬಂಧದ ತಪ್ಪು ಎಲ್ಲಿದೆ ಎಂದು ನಾನು ಬಹಳ ದಿನ ಯೋಚಿಸಿದೆ. ಉತ್ತರ ಅದೇ ಸಂಕಲನದಲ್ಲಿ ಸಿಕ್ಕಿತು. ಒಂದೂವರೆ ಕೋಣೆಯಲ್ಲಿ ಅವನು ಒಂದೊಂದು ಪೆಟ್ಟಿಗೆಯನ್ನೂ ಒಂದೊಂದು ಮುಖವನ್ನೂ ಹೆಸರಿಟ್ಟು ಕಾಣುತ್ತಾನೆ. ಇಸ್ತಾಂಬುಲಿನಲ್ಲಿ ಗುಂಪನ್ನು ಮಾತ್ರ ಕಾಣುತ್ತಾನೆ. ತನ್ನ ಊರಿನ ಎಲ್ಲ ಗೋಡೆಗಳಿಗೂ ಬಳಿದ ಒಂದೇ ಪಟ್ಟೆಯನ್ನು ಕಂಡು ಕನಲಿದವನು ಇಡೀ ಪೂರ್ವಕ್ಕೆ ತಾನೇ ಒಂದು ಪಟ್ಟೆಯನ್ನು ಬಳಿದುಬಿಟ್ಟ. ಅವನ ಒಳ್ಳೆಯ ಪ್ರಬಂಧವೇ ಅವನ ಕೆಟ್ಟ ಪ್ರಬಂಧಕ್ಕೆ ತಕ್ಕ ಉತ್ತರ. ಈ ಕುರುಡು ಅವನಂಥವನನ್ನೂ ಬಿಡಲಿಲ್ಲವೆಂದರೆ ನಮ್ಮ ಪಾಡೇನು ಎಂಬ ಭಯವೂ ಜೊತೆಗೆ ಹುಟ್ಟುತ್ತದೆ.

ಅವನ ಇನ್ನೊಂದು ನಂಬಿಕೆಯನ್ನೂ ಪರೀಕ್ಷಿಸಬೇಕು. ಸಾಹಿತ್ಯವನ್ನು ಚೆನ್ನಾಗಿ ಓದಿದವನು ಒಂದು ಸಿದ್ಧಾಂತದ ಹೆಸರಿನಲ್ಲಿ ಇನ್ನೊಬ್ಬನನ್ನು ಕೊಲ್ಲಲು ಹಿಂಜರಿಯುತ್ತಾನೆ ಎಂಬರ್ಥದ ಮಾತನ್ನು ಅವನು ನೊಬೆಲ್ ಭಾಷಣದಲ್ಲಿ ಆಡಿದ. ಸ್ಟಾಲಿನ್ ತಾರುಣ್ಯದಲ್ಲಿ ಜಾರ್ಜಿಯನ್ ಭಾಷೆಯಲ್ಲಿ ಪದ್ಯ ಬರೆದು ಪ್ರಕಟಿಸಿದವನು. ಮಾವೋ ಪದ್ಯ ಬರೆದವನು. ಈ ಆಕ್ಷೇಪವನ್ನು ಬ್ರಾಡ್‌ಸ್ಕಿ ಬಲ್ಲ. ಓದಬಲ್ಲವರಾಗಿದ್ದೂ ಅವರ ಬಲಿಗಳ ಪಟ್ಟಿ ಅವರ ಓದಿನ ಪಟ್ಟಿಗಿಂತ ಉದ್ದವಾಗಿತ್ತೆಂದು ಅವನೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಓದಿನಿಂದ ಏನಾಯಿತು? ನನಗೆ ತೋರುವುದಿಷ್ಟು. ಓದು ಯಾರನ್ನೂ ಒಳ್ಳೆಯವನನ್ನಾಗಿ ಮಾಡಿಯೇ ತೀರುವುದಿಲ್ಲ. ಆದರೆ ತನ್ನ ಒಳಗೆ ಹತ್ತು ಚದರ ಮೀಟರಿನ ಜಾಗವನ್ನು ಕಟ್ಟಿಕೊಳ್ಳಲು ಬೇಕಾದ ಪೆಟ್ಟಿಗೆ, ಬೀರುಗಳನ್ನು ಅದು ಒದಗಿಸುತ್ತದೆ. ಕಟ್ಟಿಕೊಳ್ಳುವುದೂ ಬಿಡುವುದೂ ಅವನವನ ಪಾಡು.

ಆ ಜಾಗದಲ್ಲಿ ನಿಂತು ಮನುಷ್ಯ ಏನು ಮಾಡಬಹುದೆಂಬುದಕ್ಕೆ ೧೯೮೪ರಲ್ಲಿ ವಿಲಿಯಮ್ಸ್ ಕಾಲೇಜಿನ ಘಟಿಕೋತ್ಸವದಲ್ಲಿ ಅವನು ಮಾಡಿದ ಭಾಷಣ ಒಂದು ನಿದರ್ಶನ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನು ಕೊಡು ಎಂಬ ಯೇಸುವಿನ ಉಪದೇಶವನ್ನು ಎತ್ತಿಕೊಂಡು, ಟಾಲ್‌ಸ್ಟಾಯ್, ಗಾಂಧೀಜಿ, ಮಾರ್ಟಿನ್ ಲೂಥರ್ ಕಿಂಗ್ ಇವರವರೆಗೆ ಬಂದ ಅದರ ಪರಂಪರೆಯನ್ನು ಅವನು ನೆನೆಯುತ್ತಾನೆ. ೧೯೧೦ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟಾಲ್‌ಸ್ಟಾಯ್ ಹೆಸರಿನ ಆಶ್ರಮವನ್ನೇ ಕಟ್ಟಿದವರ ದೇಶದವರು ನಾವು. ಈ ಮಾತು ನಮಗೆ ಹೊಸದಲ್ಲ. ಆದರೆ ಅವನ ವ್ಯಾಖ್ಯಾನ ಹೊಸದು. ಆ ಉಪದೇಶ ಕೆನ್ನೆಯಲ್ಲಿಗೆ ಮುಗಿಯುವುದಿಲ್ಲ; ಅಂಗಿ ಕೇಳಿದವನಿಗೆ ಮೇಲುಹೊದಿಕೆಯನ್ನೂ ಕೊಡು, ಒಂದು ಮೈಲಿ ನಡೆಸಿದವನೊಡನೆ ಎರಡು ಮೈಲಿ ನಡೆ ಎಂದು ಮುಂದುವರಿಯುತ್ತದೆ. ಕೇಡು ಕೇಳಿದ್ದಕ್ಕಿಂತ ಹೆಚ್ಚಾಗಿ ಕೊಟ್ಟು ಕೇಡನ್ನೇ ನಗೆಗೀಡು ಮಾಡುವ ಬಗೆ ಇದು ಎನ್ನುತ್ತಾನೆ. ಉತ್ತರ ರಷ್ಯದ ಸೆರೆಮನೆಯೊಂದರಲ್ಲಿ ಪಂದ್ಯವೆಂದು ಸೌದೆ ಸೀಳಿಸುವಾಗ, ಉಳಿದವರೆಲ್ಲ ಕೊಡಲಿ ಕೆಳಗಿಟ್ಟ ಮೇಲೆಯೂ, ಹೊತ್ತು ಮುಳುಗಿದ ಮೇಲೆಯೂ, ಸೌದೆ ಸೀಳುತ್ತಲೇ ಇದ್ದ ತರುಣ ಕೈದಿಯೊಬ್ಬನ ಕಥೆಯನ್ನು ಹೇಳುತ್ತಾನೆ. ಆಮೇಲೆ ಅಲ್ಲಿ ಅಂಥ ಪಂದ್ಯವನ್ನು ಯಾರೂ ಏರ್ಪಡಿಸಲಿಲ್ಲವಂತೆ.

ಇದೆಲ್ಲ ದೂರದ ದೇಶದ ಸಂಗತಿ ಎನ್ನುವವರಿಗೆ ನೆನಪಿಸಬೇಕಾದದ್ದು ಒಂದಿದೆ. ೧೯೭೫ರ ಜೂನಿನಿಂದ ೧೯೭೭ರ ಮಾರ್ಚಿಯವರೆಗೆ ನಮ್ಮ ಪತ್ರಿಕೆಗಳೂ ಅಚ್ಚಿಗೆ ಮೊದಲು ಅಧಿಕಾರಿಯ ಕಣ್ಣಿಗೆ ಬೀಳಬೇಕಾಗಿತ್ತು. ಆ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ರೋಗದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ತೀರಿಕೊಂಡರು. ಸೆರೆಯಲ್ಲಿ ಅವರು ಬರೆದಿಟ್ಟ ದಿನಚರಿ ಉಳಿದಿದೆ. ನನ್ನ ತರಗತಿಯಲ್ಲಿ ಈ ಹೆಸರನ್ನು ಕೇಳಿದವರು ಎಷ್ಟು ಮಂದಿ ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ಎರಡನೆಯ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ ಕಿರುಪರೀಕ್ಷೆಯಲ್ಲಿ, ಪಠ್ಯದಲ್ಲಿದ್ದ ಒಂದು ಪದ್ಯಕ್ಕೆ ತನ್ನದೇ ಆದ ಅರ್ಥ ಬರೆದಳು. ಅದು ನಾನು ಬರೆಯಿಸಿದ ಟಿಪ್ಪಣಿಯಲ್ಲಿ ಇರಲಿಲ್ಲ. ನಾನು ಕೆಂಪು ಗೆರೆ ಎಳೆದು ಹತ್ತಕ್ಕೆ ಮೂರು ಅಂಕ ಕೊಟ್ಟೆ. ಅವಳು ಉತ್ತರಪತ್ರಿಕೆಯನ್ನು ಹಿಡಿದು ಅಧ್ಯಾಪಕರ ಕೊಠಡಿಗೆ ಬಂದಳು.

“ಸರ್, ನೋಟ್ಸಿನಲ್ಲಿ ಇರುವುದನ್ನೇ ಬರೆಯಬೇಕಿದ್ದರೆ ಪದ್ಯವನ್ನು ಓದುವುದೇತಕ್ಕೆ?”

“ಪರೀಕ್ಷೆಗಮ್ಮಾ,” ಎಂದೆ.

ಕೊಠಡಿಯಲ್ಲಿದ್ದ ಸಹೋದ್ಯೋಗಿಗಳು ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ನನ್ನ ಟಿಪ್ಪಣಿಯನ್ನೇ ಒಂದಕ್ಷರ ತಪ್ಪದಂತೆ ಬರೆದಳು. ಹತ್ತಕ್ಕೆ ಒಂಬತ್ತು ಕೊಟ್ಟೆ. ಅದಾದ ಮೇಲೆ ತರಗತಿಯಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿನ್ನನ್ನು ಕವಿಗಳ ಸಾಲಿಗೆ ಸೇರಿಸಿದವರು ಯಾರು ಎಂಬ ನ್ಯಾಯಾಧೀಶೆಯ ಪ್ರಶ್ನೆಯನ್ನು ಓದಿದಾಗಲೆಲ್ಲ ನನಗೆ ಆ ಕೊಠಡಿಯೂ ಆ ನಗುವೂ ನೆನಪಾಗುತ್ತವೆ. ನನ್ನದು ಯಾರನ್ನೂ ಗಡೀಪಾರು ಮಾಡುವ ಅಧಿಕಾರವಲ್ಲ. ಕೆಂಪು ಶಾಯಿಯ ಅಧಿಕಾರ. ಆದರೆ ಕಣ್ಣಿನ ಎತ್ತರಕ್ಕೆ ಪಟ್ಟೆ ಬಳಿಯಲು ಅಷ್ಟು ಶಾಯಿ ಸಾಕು. ಅವಳು ಓದು ಮುಗಿಸಿ ಹೋದಳು. ಅವಳಿಗೆ ನಾನು ಹೇಳಬೇಕಾಗಿದ್ದ ಒಂದು ಮಾತು ಹಾಗೆಯೇ ಉಳಿದಿದೆ.

ಅಂದಿನಿಂದ ನಾನು ಎರಡು ಕೆಲಸ ಮಾಡುತ್ತಿದ್ದೇನೆ. ಟಿಪ್ಪಣಿ ಬರೆಯಿಸುವುದನ್ನು ಬಿಟ್ಟೆ. ಅದರ ಬದಲು ವರ್ಷಕ್ಕೆ ಐದು ಪದ್ಯಗಳನ್ನು, ಯಾವುವೆಂದು ವಿದ್ಯಾರ್ಥಿಗಳೇ ಆರಿಸಿಕೊಂಡು, ಬಾಯಿಪಾಠ ಮಾಡಿ ತರಗತಿಯಲ್ಲಿ ಹೇಳಬೇಕೆಂದು ಕೇಳುತ್ತೇನೆ. ಇದಕ್ಕೆ ಅಂಕಗಳಿಲ್ಲ. ಅಂಕವಿಲ್ಲದ ಕೆಲಸವನ್ನು ಯಾರು ಮಾಡುತ್ತಾರೆಂದು ಸಹೋದ್ಯೋಗಿಗಳು ಕೇಳಿದರು. ಎಲ್ಲರೂ ಮಾಡುವುದಿಲ್ಲವೆಂಬುದು ನಿಜ. ಕೈಯಲ್ಲಿರುವ ಯಂತ್ರದಲ್ಲಿ ಎಲ್ಲ ಪದ್ಯಗಳೂ ಇರುವಾಗ ತಲೆಯಲ್ಲೇಕೆ ಹೊರಬೇಕೆಂದು ವಿದ್ಯಾರ್ಥಿಗಳೂ ಕೇಳಿದರು. ಯಂತ್ರದಲ್ಲಿರುವುದನ್ನು ಇನ್ನೊಬ್ಬರು ಅಳಿಸಬಹುದು, ತಿದ್ದಬಹುದು, ಬಾಗಿಲು ಹಾಕಬಹುದು. ನಿಮ್ಮ ನಾಲಗೆಯ ಮೇಲಿರುವುದನ್ನು ನೀವೇ ಮರೆಯಬೇಕಲ್ಲದೆ ಬೇರೆಯವರು ಅಳಿಸಲಾರರು ಎಂದು ಹೇಳಿ, ನದೇಜ್ದಾಳ ಕಥೆಯನ್ನೂ ಅಜ್ಜಿಯ ಕಥೆಯನ್ನೂ ಹೇಳಿದೆ. ಅವರಿಗೆ ಅಜ್ಜಿಯ ಕಥೆಯೇ ಹೆಚ್ಚು ಹಿಡಿಸಿತು.

ಕಳೆದ ಆಷಾಢದಲ್ಲಿ, ಮಳೆ ಹಿಡಿದು ವಿದ್ಯುತ್ತು ಹೋಗಿದ್ದ ಒಂದು ಮಧ್ಯಾಹ್ನ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಒಂದು ಪದ್ಯವನ್ನು ಪೂರ್ತಿಯಾಗಿ ಹೇಳಿದ. ನಡುವೆ ಒಂದು ಕಡೆ ತಡವರಿಸಿದಾಗ ಕಿಟಕಿಯ ಪಕ್ಕದ ಹುಡುಗಿ ಮೆಲ್ಲಗೆ ಮುಂದಿನ ಶಬ್ದವನ್ನು ಎತ್ತಿಕೊಟ್ಟಳು. ಅದು ಅವಳು ಆರಿಸಿಕೊಂಡಿದ್ದ ಪದ್ಯವಲ್ಲ. ಕೇಳಿ ಕೇಳಿಯೇ ಅವಳಿಗೆ ಬಂದುಬಿಟ್ಟಿತ್ತು. ತರಗತಿಯಲ್ಲಿ ಬೆಳಕು ಕಡಮೆಯಿದ್ದುದರಿಂದ ನನಗೆ ಯಾರ ಮುಖವೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಅವನು ಮುಗಿಸಿದ ಮೇಲೆ, ಆ ಪದ್ಯದ ಅರ್ಥವೇನೆಂದು ನಾನು ಕೇಳಲಿಲ್ಲ. ಇದನ್ನೇ ಏಕೆ ಆರಿಸಿಕೊಂಡೆಯಪ್ಪಾ ಎಂದು ಕೇಳಿದೆ. ಅವನು ಹೇಳಿದ ಕಾರಣ ನನ್ನ ಯಾವ ಟಿಪ್ಪಣಿಯಲ್ಲಿಯೂ ಇರಲಿಲ್ಲ.